ತಾತನ ಫೋಟೋಕ್ಕೆ ಮೂರು ಲೆನ್ಸು

ಅವನ ಅಡ್ಡಹೆಸರು 'ಅಲ್ಲಾಡಬೇಡಿ'. ಇಪ್ಪತ್ತೆಂಟು ವರ್ಷ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತವರಿಗೆಲ್ಲ ಅದೊಂದೇ ಮಾತು ಹೇಳಿ ಹೇಳಿ, ಬೀದಿಯವರು ಕೊನೆಗೆ ಅದನ್ನೇ ಅವನಿಗೆ ಅಂಟಿಸಿದ್ದರು. ಪಾಸ್‌ಪೋರ್ಟ್ ಫೋಟೋ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಕಿವಿ ಎರಡೂ ಕಾಣಬೇಕು, ಗಲ್ಲ ತುಸು ಇಳಿಯಬೇಕು, ಕಣ್ಣು ಮಿಟುಕಿಸಬಾರದು. ಅಂಥವನನ್ನು ಅವನ ಅಕ್ಕ ಒಂದು ಮೀನಿನ ಮುಂದೆ ತಂದು ನಿಲ್ಲಿಸಿದ್ದಳು.

ಅಕ್ಕ ಮತ್ಸ್ಯಾಲಯದಲ್ಲಿ ಮೂವತ್ತೊಂದು ವರ್ಷದಿಂದ ಮೀನುಗಳಿಗೆ ಆಹಾರ ಹಾಕುವವಳು. ಬರುವ ಶುಕ್ರವಾರ ನಿವೃತ್ತಿ. ಅಲ್ಲಿನ ದೊಡ್ಡ ತೊಟ್ಟಿಯಲ್ಲಿ ಸೊಟ್ಟ ತುಟಿಯ, ಆಳುದ್ದದ ಮುದಿ ಮೀನೊಂದಿತ್ತು. ಅವಳು ಅದನ್ನು ತಾತ ಎಂದೇ ಕರೆಯುತ್ತಿದ್ದಳು. ದಿನಾ ಹನ್ನೊಂದಕ್ಕೆ ಅವಳು ಮೇಲಿನಿಂದ ನೀರಿಗೆ ಕೈ ಇಳಿಸಿದರೆ ತಾತ ತಳದಿಂದ ನಿಧಾನಕ್ಕೆ ಎದ್ದು ಬಂದು ಬೆರಳ ತುದಿಯಿಂದ ತುತ್ತು ತೆಗೆದುಕೊಳ್ಳುತ್ತಿತ್ತು.

"ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದೀನೇನೋ? ತಾತ ನನ್ನ ಕೈಗೆ ಬರೋದು ಒಂದು ಫೋಟೋ ತೆಕ್ಕೊಡು. ಶುಕ್ರವಾರ ಆದ್ಮೇಲೆ ನನ್ನನ್ನ ತೊಟ್ಟಿ ಹತ್ರ ಬಿಡಲ್ಲ."

"ಒಂದ್ಯಾಕೆ, ನೂರು ತೆಗೀತೀನಿ ಬಿಡಕ್ಕ," ಎಂದ. ಆ ವಾರ ಅವನು ನೆಮ್ಮದಿಯಿಂದ ಆಡಿದ ಮಾತು ಅದೊಂದೇ.

ಭಾನುವಾರ ಬಾಗಿಲಲ್ಲೇ ಅಕ್ಕ ಅವನ ಉಂಗುರ, ವಾಚು, ಬೆಲ್ಟು ಬಿಚ್ಚಿಸಿ ಒಂದು ಡಬ್ಬಿಗೆ ಹಾಕಿಸಿದಳು. ತೊಟ್ಟಿಯ ಮುಂಭಾಗ ಗಾಜಲ್ಲ, ನಾಲ್ಕು ಬೆರಳು ದಪ್ಪದ ಅಕ್ರಿಲಿಕ್. ಏನು ತಾಗಿದರೂ ಗೀರು ಬೀಳುತ್ತದೆ. "ನಾನಂತೂ ಕೆಲಸಕ್ಕೆ ಸೇರಿದ ವಾರವೇ ಉಂಗುರ ಹಾಕೋದು ಬಿಟ್ಟೆ. ದಿನಾ ಯಾರು ಬಿಚ್ಚಿ ಹಾಕ್ತಾ ಕೂರ್ತಾರೆ?" ಎಂದಳು.

ಮೊದಲು ಫ್ಲ್ಯಾಶ್ ಹೊಡೆದ. ಮೀನಿನ ಬದಲು ಒಂದು ಬಿಳಿ ಉಂಡೆ ಬಂತು. ಫ್ಲ್ಯಾಶ್ ತೆಗೆದು ಉದ್ದನೆಯ ಲೆನ್ಸ್ ಹಾಕಿ ದೂರ ನಿಂತರೆ ತಾತನ ಹೊಟ್ಟೆಯೊಳಗೆ ಅವನದೇ ಬಿಳಿ ಅಂಗಿ, ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುವ ಯಾರದೋ ಮಗು. ಓರೆಯಾಗಿ ನಿಂತು ನೋಡಿದ. ಮೀನಿನ ಅಂಚಿಗೆಲ್ಲ ಕೆಂಪು ನೀಲಿ ಗೆರೆ. ಹಾಳಾದ್ದು, ಎಂದು ಬೈದು ನೇರ ಕ್ಯಾಮೆರಾ ಅಂಗಡಿಗೆ ಹೋದ.

ಅಂಗಡಿಯವನು ಒಳ್ಳೆಯವನೇ. ಕ್ಯಾಮೆರಾವನ್ನು ನೀರು ಹೋಗದ ಡಬ್ಬಿಗೆ ಹಾಕಿ ತೊಟ್ಟಿಗೇ ಇಳಿಸಬಹುದು ಎಂದ. ಮುದಿ ಮೀನು ಬೆದರುತ್ತದೆಂದು ಮತ್ಸ್ಯಾಲಯದ ಅಧಿಕಾರಿ ಅದಕ್ಕೆ ಮೊದಲೇ ಬೇಡ ಎಂದಿದ್ದಾರೆ ಎಂದು ಇವನು ಗೊಣಗಿದ. "ಹಾಗಾದ್ರೆ ಹತ್ತಿರದಿಂದ ತೆಗೆಯೋ ಲೆನ್ಸ್ ತಗೊಂಡು ಹೋಗಿ ನೋಡಿ ಸಾರ್. ಮೂತಿಯನ್ನ ತೊಟ್ಟಿಗೆ ಒತ್ತಿ ಹಿಡೀರಿ, ಪ್ರತಿಬಿಂಬ ಬರಲ್ಲ. ಮೂತಿಗೆ ಬಳೆ ಥರ ಕೂರೋ ಈ ರಬ್ಬರ್ ಹುಡ್ ಹಾಕ್ಕೊಳ್ಳಿ."

"ರಬ್ಬರ್ ಮಕ್ಕಳ ಆಟಿಕೆಗಾಯ್ತು. ನನ್ನ ಹತ್ರ ಲೋಹದ್ದೇ ಇದೆ, ಇಪ್ಪತ್ತೆಂಟು ವರ್ಷದಿಂದ ಒಂದು ಸೊಟ್ಟ ಇಲ್ಲ." ಉಂಗುರ ಬಿಚ್ಚಿಟ್ಟು ಬಂದ ಮಹಾಶಯನಿಗೆ ಆ ಹುಡ್ಡೂ ಲೋಹದ ಬಳೆಯೇ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಸೋಮವಾರ ಆ ಲೆನ್ಸಿನ ಮೂತಿಯನ್ನು ತೊಟ್ಟಿಗೆ ಒತ್ತಿ, ತಾತ ಹೋದತ್ತ ಬಂದತ್ತ ಜರುಗಿಸಿದ. ಪ್ರತಿಬಿಂಬವೇನೋ ಮಾಯ. ಆದರೆ ಆಳುದ್ದದ ಮೀನಿನಲ್ಲಿ ಸಿಕ್ಕಿದ್ದು ಒಂದು ಕಣ್ಣು. ಮಂಗಳವಾರ ಅದನ್ನು ಕೊಟ್ಟು ಅಗಲದ ಲೆನ್ಸ್ ತಂದ. ಈಗ ತಾತನೂ ಬಂತು, ಅಕ್ಕನ ಕೈಯೂ ಬಂತು, ಆದರೆ ನಟ್ಟನಡುವೆ ಮಂಜು ಕವಿದಂತೆ ಮಸುಕು. ಬುಧವಾರ ಆ ಮಸುಕು ಇನ್ನೂ ಹೆಚ್ಚಿತು. ಅವನಿಗೆ ರೇಗಿಹೋಯಿತು.

"ಹಾಳು ಲೆನ್ಸ್ ಕೊಟ್ಟು ಟೋಪಿ ಹಾಕ್ತೀರಾ?" ಎಂದು ಅಂಗಡಿಯಲ್ಲಿ ಕೂಗಾಡಿದ. ಅಂಗಡಿಯವನು ಅದೇ ಲೆನ್ಸಿನಲ್ಲಿ ಗೋಡೆ ಗಡಿಯಾರದ ಫೋಟೋ ತೆಗೆದು ತೋರಿಸಿದ. ಸೆಕೆಂಡಿನ ಮುಳ್ಳಿನ ತುದಿಯೂ ಕಾಣುತ್ತಿತ್ತು. "ನಿಮ್ಮ ಮೀನಿನ ನೀರೇ ಕೊಳಕಿರಬೇಕು ಸಾರ್," ಎಂದ. ಇವನು ಆ ಸಿಟ್ಟನ್ನೂ ಹೊತ್ತುಕೊಂಡು ಬಂದ.

ಗುರುವಾರ ಸಂಜೆ ಜನ ಖಾಲಿಯಾದ ಮೇಲೆ, ನೀರು ಕೊಳಕೆಂದು ಸಾಬೀತು ಮಾಡಲು ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದ. ನೀರು ತಿಳಿಯಾಗಿತ್ತು. ಅಕ್ರಿಲಿಕ್ಕಿನ ಮೇಲೆ, ಸರಿಯಾಗಿ ಅವನ ಎದೆಯ ಎತ್ತರದಲ್ಲಿ, ಸಣ್ಣ ಸಣ್ಣ ಗೀರುಗಳ ಉಂಗುರಗಳು, ಒಂದರ ಮೇಲೊಂದು, ನೂರಾರು. ಹುಡ್ ಬಿಚ್ಚಿ ಒಂದರ ಎದುರು ಹಿಡಿದ. ಅಳತೆ ಸರಿಹೊಂದಿತು.

ಅಕ್ಕ ಹಿಂದಿನ ಕೋಣೆಯಲ್ಲಿ ಬಕೆಟ್ ತೊಳೆಯುತ್ತಿದ್ದಳು. ಅವನು ಬಾಯಿ ತೆರೆಯುವ ಮುಂಚೆಯೇ "ಗೊತ್ತು ಕಣೋ. ಮಂಗಳವಾರವೇ ನೋಡ್ದೆ," ಎಂದಳು. "ಅಧಿಕಾರಿ ಕೇಳಿದ್ರು. ತೊಟ್ಟಿ ಒರೆಸುವಾಗ ಉಂಗುರ ಬಿಚ್ಚೋಕೆ ಮರೆತೆ, ನನ್ನಿಂದಲೇ ಆಯ್ತು ಅಂದೆ. ರಿಜಿಸ್ಟರಲ್ಲಿ ಬರೆದ್ಕೊಂಡ್ರು."

"ಅಕ್ಕಾ! ಮೂವತ್ತೊಂದು ವರ್ಷದಲ್ಲಿ ನಿನ್ನ ಮೇಲೆ ಒಂದು ಮಾತು ಬಂದಿಲ್ಲ. ಈಗ, ಕೊನೇ ವಾರದಲ್ಲಿ?"

"ನಿಜ ಹೇಳಿದ್ರೆ ನಿನ್ನ ಕ್ಯಾಮೆರಾ ಸಮೇತ ಆಚೆ ಹಾಕ್ತಿದ್ರು. ನಂಗೆ ಫೋಟೋ ಬೇಕಿತ್ತು. ನೀನು ಅವರ ಹತ್ರ ಇದರ ಬಗ್ಗೆ ಒಂದು ಮಾತು ಆಡಿದ್ರೂ ನನ್ನಾಣೆ." ಅವಳ ಆಣೆಯನ್ನು ಅವನು ಚಿಕ್ಕಂದಿನಿಂದ ಮೀರಿದವನಲ್ಲ. ಅಷ್ಟು ಹೇಳಿ ಅವಳು ಮತ್ತೆ ಬಕೆಟ್ ತಿಕ್ಕತೊಡಗಿದಳು. ಅವನಿಗೆ ತನ್ನ ಕೈಯನ್ನೇ ಕಡಿದುಕೊಳ್ಳುವಷ್ಟು ನಾಚಿಕೆಯಾಯಿತು.

ಶುಕ್ರವಾರ ಕರಿ ಅಂಗಿ ತೊಟ್ಟು ಬಂದ. ದಾರಿಯಲ್ಲಿ ಅಂಗಡಿಯವನ ಮುಂದೆ ತಲೆ ತಗ್ಗಿಸಿ ರಬ್ಬರ್ ಹುಡ್ ತಂದಿದ್ದ. ಗೀರಿಲ್ಲದ ಜಾಗ ಹುಡುಕಿ, ಎರಡು ಮೊಳ ಪಕ್ಕಕ್ಕೆ ಸರಿದು, ಮೂತಿಯನ್ನು ಮೆಲ್ಲಗೆ ಆನಿಸಿದ. ಹನ್ನೊಂದಕ್ಕೆ ಅಕ್ಕನ ಕೈ ನೀರಿಗಿಳಿಯಿತು. ತಾತ ಎದ್ದಿತು. "ಅಲ್ಲಾಡಬೇಡಿ," ಎಂದ, ಅಭ್ಯಾಸಬಲ. ತಾತ ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ. ಆದರೂ ಸಿಕ್ಕಿತು.

ಓಡಿಹೋಗಿ ಎರಡು ದೊಡ್ಡ ಪ್ರತಿ ಮಾಡಿಸಿ ತಂದ. ಅಕ್ಕ ತನ್ನ ಪ್ರತಿಯಲ್ಲಿ ಮೊದಲು ನೋಡಿದ್ದು ತಾತನ ಸೊಟ್ಟ ತುಟಿಯನ್ನು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನೊಂದು ಪ್ರತಿ ಹಿಡಿದು ಅವನು ಅಧಿಕಾರಿಯ ಕೋಣೆಗೆ ಹೋದ. ಅಧಿಕಾರಿ ಇಲ್ಲಿಗೆ ಬಂದು ಎರಡೇ ತಿಂಗಳು.

"ಭಾರಿ ಚೆನ್ನಾಗಿದೆ ರೀ! ಮುಂದಿನ ಗೋಡೆಗೇ ಹಾಕ್ಸೋಣ. ಪಾಪ, ನಿಮ್ಮ ಅಕ್ಕ ಕೊನೇ ವಾರದಲ್ಲಿ ಹಾಗೆ ಮಾಡ್ಕೋಬಾರದಿತ್ತು. ಒಂದು ಉಂಗುರ ಬಿಚ್ಚೋಕೆ ಏನು?"

ಆಣೆ ಇದ್ದದ್ದು ಮಾತಿಗೆ. ಅವನು ಚಿತ್ರದಲ್ಲಿ ಅಕ್ಕನ ಕೈ ಇದ್ದ ಕಡೆ ಬೆರಳಿಟ್ಟ. ಅಧಿಕಾರಿ ಕನ್ನಡಕ ಏರಿಸಿ ಬಗ್ಗಿದರು. ನೀರಿನಲ್ಲಿ ನೆನೆದು ಸುಕ್ಕಾದ ಐದು ಬೆರಳು. ಯಾವುದರ ಬುಡದಲ್ಲೂ ಉಂಗುರ ಒತ್ತಿದ ತಗ್ಗಿಲ್ಲ, ಬಿಳಿ ಕಲೆಯಿಲ್ಲ.

"ಇವರು ಉಂಗುರ ಹಾಕೋದೇ ಇಲ್ವಲ್ಲ ರೀ!" ಅಧಿಕಾರಿ ತಲೆಯೆತ್ತಿದರು. "ಹಾಗಾದ್ರೆ ಆ ಗೀರು ಯಾರದು?"

ಅವನು ಚೀಲಕ್ಕೆ ಕೈ ಹಾಕಿ ಲೋಹದ ಹುಡ್ ತೆಗೆದು, ಮೇಜಿನ ಮೇಲಿದ್ದ ರಿಜಿಸ್ಟರಿನ ಮೇಲಿಟ್ಟ.