ಮಹಾನವಮಿಯಂದು ಆರಿಸದ ಕುಲುಮೆ

ಅದು ೧೯೬೭ರ ಮಹಾನವಮಿ. ಧಾರವಾಡದ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನಾ ವಿದ್ಯಾರ್ಥಿನಿ ಮೃಣಾಲಿನಿ ಬೆಳಗಿನಿಂದ ವಿದ್ಯುತ್ ಕುಲುಮೆಯ ಮುಂದೆ ಕುಳಿತಿದ್ದಳು. ಬಲಗೈ ವೋಲ್ಟೇಜು ಹೆಚ್ಚುಕಡಿಮೆ ಮಾಡುವ ಗುಂಡಿಯ ಮೇಲೆ, ಕಣ್ಣು ಉಷ್ಣಮಾಪಕದ ಮುಳ್ಳಿನ ಮೇಲೆ.

ಕುಲುಮೆಯೊಳಗೆ ಉಗುರಿಗಿಂತ ಚಿಕ್ಕದೊಂದು ತಗಡಿತ್ತು. ಕರಗಿದ ಪೆಲ್ಲೇಡಿಯಂ-ಸಿಲಿಕಾನ್ ಹನಿಯನ್ನು ತಣ್ಣನೆಯ ತಾಮ್ರದ ಮೇಲೆ ರಪ್ಪನೆ ಅಪ್ಪಳಿಸಿ ಮಾಡಿದ್ದು. ತಣಿದ ವೇಗಕ್ಕೆ ಪರಮಾಣುಗಳಿಗೆ ಸಾಲುಗಟ್ಟಲು ಪುರಸೊತ್ತೇ ಸಿಕ್ಕಿರಲಿಲ್ಲ. ಗಾಜಿನೊಳಗಿನಂತೆ ಅಡ್ಡಾದಿಡ್ಡಿ ನಿಂತುಬಿಟ್ಟಿದ್ದವು. ತಗಡಿನ ಮೈಗೆ ಬೆಳ್ಳಿಯ ತೆಳು ಲೇಪ. ಆ ಅಡ್ಡಾದಿಡ್ಡಿಯ ನಡುವೆ ಬೆಳ್ಳಿಯ ಪರಮಾಣುಗಳು ಎಷ್ಟು ಆಳಕ್ಕೆ ನುಸುಳುತ್ತವೆ ಎಂಬುದೇ ಅವಳ ಪ್ರಬಂಧದ ಪ್ರಶ್ನೆ. ಬಿಸಿ ಸಾಲದಿದ್ದರೆ ಬೆಳ್ಳಿ ಕದಲದು. ಅತಿಯಾದರೆ ತಗಡಿನ ಪರಮಾಣುಗಳು ಸಾಲುಗಟ್ಟಿ ಅದು ಮಾಮೂಲಿ ಲೋಹವಾಗಿಬಿಡುತ್ತದೆ. ಹಿಂದಿನ ತಗಡುಗಳೆಲ್ಲ ಹಾಗೆಯೇ ಕೆಟ್ಟಿದ್ದವು. ಇದು ಕೊನೆಯದು, ಮುಂಬಯಿಯಿಂದ ಮತ್ತೆ ಆ ದುಬಾರಿ ಪೆಲ್ಲೇಡಿಯಂ ತರಿಸಲು ವಿಭಾಗ ಒಪ್ಪಿರಲಿಲ್ಲ.

ಜವಾನ ಸೋಮಪ್ಪ ಆಯುಧಪೂಜೆಗೆಂದು ಚೆಂಡುಹೂವಿನ ಮಾಲೆ ಹಿಡಿದು ಬಂದ.

“ಬಾಯಾರ, ಇವತ್ತ ಖಂಡೇಪೂಜಿ. ಒಲಿ ಆರಸ್ರಿ, ಒರಸಿ ಪೂಜಿ ಮಾಡ್ತೇನಿ.”

“ಆರಸೂದಿಲ್ಲ. ಹೂವು ಆ ಮೇಜಿನ ಮ್ಯಾಲ ಇಡು.”

“ಊರಾಗಿನ ಗಿರಣಿ ಸುದ್ದಾ ಪೂಜಿಗೆ ನಿಂದರ್ತಾವ್ರಿ. ನಿಮ್ಮ ಒಲಿ ಏನ್ ಪಾಪ ಮಾಡೇತಿ?”

“ನನ್ನ ಕೈಯಾಗ ಸಿಕ್ಕದಲ್ಲ, ಅದ ಅದರ ಪಾಪ.”

ಅವಳು ಕಾವಲು ಕೂತದ್ದೇ ಆ ಗಿರಣಿಗಳ ಕಾರಣಕ್ಕೆ. ಒಂದೊಂದು ಗಿರಣಿ ನಿಂತಾಗಲೂ ತಂತಿಯಲ್ಲಿ ವೋಲ್ಟೇಜು ಏರುತ್ತಿತ್ತು, ಕುಲುಮೆಯ ಬಿಸಿ ಹೆಚ್ಚುತ್ತಿತ್ತು. ಮುಳ್ಳು ತಗಡು ಕೆಡುವ ಮಟ್ಟದ ಕೆಂಪು ಗೆರೆಯತ್ತ ಹೊರಟಾಗಲೆಲ್ಲ ಅವಳು ಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುತ್ತಿದ್ದಳು. ಬೆನ್ನು ಸೆಟೆದುಕೊಂಡಿತ್ತು. ನೀರು ಕುಡಿಯಲೂ ಎದ್ದಿರಲಿಲ್ಲ.

ತಕ್ಕಡಿ, ಪಂಪು ಎಲ್ಲದರ ಪೂಜೆ ಮುಗಿಸಿ ಸೋಮಪ್ಪ ತಾಟು ಹಿಡಿದು ಅವಳ ಹಿಂದೆ ನಿಂತ.

“ಪ್ರಸಾದ ತಗೋರಿ, ಬಾಯಾರ.”

ಬಲಗೈ ಗುಂಡಿಯ ಮೇಲಿತ್ತು. ಪ್ರಸಾದಕ್ಕೆ ಎಡಗೈ ಚಾಚಿದವಳಲ್ಲ ಅವಳು, ಚಾಚಬಹುದೆಂದು ಹೊಳೆಯಲೂ ಇಲ್ಲ. ಗುಂಡಿ ಬಿಟ್ಟು, ಹಿಂದಿರುಗಿ, ಬೊಗಸೆಯೊಡ್ಡಿ, ಕಣ್ಣಿಗೊತ್ತಿಕೊಂಡಳು.

“ಸಕ್ಕರಿ ಕಡಿಮಿ ಆಗೇತೇನ್ರಿ? ನಮ್ಮಾಕಿ ಕೈ ಭಾಳ ಬಿಗಿ.”

ಉತ್ತರ ಕೊಡುವಷ್ಟರಲ್ಲಿ ತಲೆಯ ಮೇಲಿನ ದೀಪ ಬೆಳ್ಳಗೆ ಉರಿಯಿತು. ರಸ್ತೆಯಾಚೆಯ ದೊಡ್ಡ ಗಿರಣಿ ನಿಂತಿತ್ತು. ಅವಳು ತಿರುಗಿ ನೋಡಿದಾಗ ಮುಳ್ಳು ಕೆಂಪು ಗೆರೆ ದಾಟಿ ಬಹಳ ಮೇಲೆ ಹೋಗಿತ್ತು. ಗುಂಡಿಯನ್ನು ಪೂರ್ತಿ ಇಳಿಸಿದಳು. ಕಾದಷ್ಟು ಬೇಗ ಕುಲುಮೆ ಆರುವುದಿಲ್ಲ. ಮುಳ್ಳು ಇಳಿಯುವವರೆಗೆ ಸೋಮಪ್ಪ ತಾಟು ಹಿಡಿದೇ ನಿಂತಿದ್ದ.

ತಗಡು ಉಳಿದಿದ್ದರೆ ಎಕ್ಸ್‌ರೇ ಫಿಲ್ಮಿನಲ್ಲಿ ಮಸುಕಾದೊಂದು ಬಳೆ ಮೂಡಬೇಕು. ಮೂಡಿದ್ದು ಸೂಜಿಯಿಂದ ಗೀರಿದಂಥ ಹಲವು ವೃತ್ತಗಳು, ಪರಮಾಣುಗಳು ಸಾಲುಗಟ್ಟಿದ ಗುರುತು.

ಮಾರ್ಗದರ್ಶಕ ಪಂಢರಿನಾಥರು ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು.

“ಬೆಳ್ಳಿ ಒಳಗ ಹೋಗೇದಲ್ಲ? ಅಳದು ಬರೀರಿ. ಈ ಫಿಲ್ಮು ಪ್ರಬಂಧದಾಗ ಹಾಕಬ್ಯಾಡ್ರಿ.”

“ಹೋಗೇದ ಸರ. ತಗಡು ಛಲೋ ಇದ್ದಾಗ ಹೋತೋ, ಕೆಟ್ಟ ಮ್ಯಾಲ ಸಂದಿಗೊಂದ್ಯಾಗ ಹೋತೋ, ನನಗ ಗೊತ್ತಿಲ್ಲ.”

“ಕೇಳಾವ್ರು ಯಾರು, ಮೃಣಾಲಿನಿಬಾಯಿ?”

“ನಾನ ಕೇಳಾಕತ್ತೇನಲ್ರಿ.”

ಅವರು ಫಿಲ್ಮನ್ನು ಅವಳ ಕೈಗಿಟ್ಟರು. “ಹಂಗಾದ್ರ ಮೊದಲಿಂದ ಶುರು ಮಾಡ್ರಿ. ಬ್ಯಾರೆ ಲೋಹ.”

ತಾಮ್ರದೊಳಗಿನ ಬೆಳ್ಳಿಯ ಮೇಲೆ ಬರೆದು ಪದವಿ ಪಡೆಯಲು ಇನ್ನೂ ಹಲವು ವರ್ಷ ಹಿಡಿಯಿತು. ಅಷ್ಟರಲ್ಲಿ ಅವಳ ಕೈಕೆಳಗೆ ಕಲಿತ ಸುಲಭಾ ವಿಭಾಗದಲ್ಲಿ ಅವಳಿಗೆ ಸಿಗಬೇಕಿದ್ದ ಅಧ್ಯಾಪಕಿಯ ಹುದ್ದೆಗೆ ಬಂದು ಕೂತಿದ್ದಳು.