ನನ್ನ ಪಗಾರ, ಅವರ ಖುಷಿ

ನನ್ನ ಹೊಟ್ಟೆಕಿಚ್ಚಿಗೆ ಕಾರಣಳಾದವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವಳು ಕೆಟ್ಟವಳಲ್ಲ, ಮೈಗಳ್ಳಿಯೂ ಅಲ್ಲ. ನಾನು ಜ್ವರ ಬಂದು ಮಲಗಿದಾಗ ನನ್ನ ಪಾಲಿನ ಹಳ್ಳಿಗಳನ್ನೂ ತಾನೇ ಸುತ್ತಿ ಬಂದವಳು. ಇಂಥವರ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಬಹಳ ಕಷ್ಟದ ಕೆಲಸ. ನಾನು ಅದನ್ನು ಮನಸ್ಸಿಟ್ಟು ಮಾಡಿದೆ.

ನಾವಿಬ್ಬರೂ ಒಂದೇ ದಿನ ಒಂದೇ ಸಂಸ್ಥೆಗೆ ಸೇರಿದವರು. ನಾನು ಮಕ್ತಲ್‌ನವಳು, ಅವಳು ನಾರಾಯಣಪೇಟೆಯವಳು; ಎರಡೂ ಕನ್ನಡ, ತೆಲುಗು ಕೂಡುವ ಗಡಿಯ ಊರುಗಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಇಬ್ಬರದೂ ಒಂದೇ ಓದು, ಒಂದೇ ಕೆಲಸ. ಹಳ್ಳಿಗಳಿಗೆ ಹೋಗಿ ಕೂಲಿ ಹೆಂಗಸರನ್ನು ಕೂಡಿಸಿ, ಅವರಿಗೆ ಸಿಗಬೇಕಾದ್ದು ಏನು, ಅದನ್ನು ಕೇಳಿ ಪಡೆಯುವುದು ಹೇಗೆ ಎಂದು ತಿಳಿಸಿ ಹೇಳುವುದು. ಸೇರುವ ದಿನ ಗದ್ವಾಲದ ಕಚೇರಿಯಲ್ಲಿ ನಮ್ಮ ಸರ್ ಒಬ್ಬೊಬ್ಬರನ್ನೇ ಒಳಗೆ ಕರೆದು, "ಪಗಾರ ಎಷ್ಟು ಕೊಡಬೇಕಂತೀರಿ?" ಎಂದು ಕೇಳಿದ್ದರು. ನಾನು ಸೆರಗು ಸರಿಮಾಡಿಕೊಂಡು, "ನಿಮ್ಮ ಖುಷಿ ರೀ ಸರ್," ಎಂದಿದ್ದೆ.

ನಮ್ಮ ಕಡೆ ಹಾಗೆ ಹೇಳುವುದೇ ಮರ್ಯಾದೆ. ಬಾಣಂತಿಗೆ ಎರೆಯಲು ಬರುವ ಮುದುಕಿಯೂ, ಮದುವೆಗೆ ಹಲಗೆ ಬಾರಿಸುವವನೂ ದುಡ್ಡಿನ ಮಾತು ಬಂದರೆ "ನಿಮ್ಮ ಖುಷಿ" ಎನ್ನುತ್ತಾರೆ. ಹಾಗೆಂದಾಗ ಕೊಡುವವರಿಗೇ ನಾಚಿಕೆಯಾಗಿ ಒಂದು ಹಿಡಿ ಹೆಚ್ಚು ಹಾಕುತ್ತಾರೆ. ಸಂಸ್ಥೆಗಳಿಗೆ ಈ ನಾಚಿಕೆ ಇರುವುದಿಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ಅವರು ತಮ್ಮ ಖುಷಿಯಷ್ಟೇ ಕೊಟ್ಟರು. ಅವಳಿಗೂ ಅಷ್ಟೇ ಇರಬೇಕೆಂದು ನಾನು ವರ್ಷಗಟ್ಟಲೆ ನೆಮ್ಮದಿಯಾಗಿದ್ದೆ.

ಆ ನೆಮ್ಮದಿ ಹಾಳಾದದ್ದು ಮಾಗನೂರಿನ ಕಡೆಯ ಒಂದು ಹಳ್ಳಿಯಲ್ಲಿ. ಸುಗ್ಗಿ ಮುಗಿದು, ಜನ ಪಟ್ಟಣದ ಕಟ್ಟಡ ಕೆಲಸಕ್ಕೆ ಗುಳೆ ಹೊರಡುವ ಸಮಯ. ಶಾಲೆಯ ಜಗುಲಿಯ ಮೇಲೆ ಹೆಂಗಸರನ್ನು ಕೂರಿಸಿಕೊಂಡು ನಾನು ಭಾಷಣ ಬಿಗಿಯುತ್ತಿದ್ದೆ.

"ಮೇಸ್ತ್ರಿ ಜೋಡಿ ಲಾರಿ ಹತ್ತೋ ಮುಂಚೆ ಕೂಲಿ ಎಷ್ಟಂತ ಬಾಯಿ ಬಿಟ್ಟು ಕೇಳ್ರಿ. ಗಂಡಸರಿಗೆ ಎಷ್ಟು, ನಮಗ ಎಷ್ಟು ಅಂತ ಕೇಳ್ರಿ. ಕೇಳಾಕ ನಾಚಿಕಿ ಯಾಕ?"

ಕೂಸಿಗೆ ಹಾಲು ಕುಡಿಸುತ್ತಿದ್ದ ಒಬ್ಬಳು ತಲೆ ಎತ್ತಿದಳು. "ನಮಗ ಹೇಳಾಕ ಬಂದೀರಲ್ಲ, ನಿಮಗ ಎಷ್ಟು ಪಗಾರ ಕೊಡ್ತಾರ್ರೀ?"

"ನಮ್ಮದು ಸೇವಾ ಐತವ್ವ," ಎಂದೆ ನಾನು. "ನಮಗ ಪಗಾರದ ಆಸೆ ಇಲ್ಲ."

ಪಕ್ಕದಲ್ಲಿ ಕೂತಿದ್ದ ನನ್ನ ಜೊತೆಗಾರ್ತಿ ಮಾತ್ರ, ಸಂತೆಯಲ್ಲಿ ಟೊಮೆಟೊ ದರ ಹೇಳುವವರ ಹಾಗೆ, ತನ್ನ ಪಗಾರ ಇಷ್ಟು ಎಂದು ಹೇಳಿಬಿಟ್ಟಳು. ಹೆಂಗಸರು ತಲೆಯಾಡಿಸಿದರು. ಅವಳ ಪಗಾರ ನನ್ನದರ ಒಂದೂವರೆ ಪಟ್ಟು.

ಬರುವಾಗ ಆಟೋದಲ್ಲಿ ಕೇಳಿಯೇಬಿಟ್ಟೆ. "ನಿನಗ ಅಷ್ಟು ಯಾಕ ಕೊಡ್ತಾರ?"

"ಸೇರೋ ದಿನ ಕೇಳಿದ್ದೆ ಅಕ್ಕ, ಕೊಟ್ರು. ನಿನಗೂ ಅಷ್ಟೇ ಐತಿ ಅಂತ ತಿಳಿದಿದ್ದೆ." ಅವಳು ನಿಜವಾಗಿಯೂ ಪೆಚ್ಚಾಗಿದ್ದಳು. ಆಮೇಲೆ ತೆಲುಗಿಗೆ ತಿರುಗಿ, "ಅಡಗಂದೇ ಅಮ್ಮಯಿನಾ ಅನ್ನಂ ಪೆಟ್ಟದು," ಎಂದಳು. ಕೇಳದಿದ್ದರೆ ಹೆತ್ತವ್ವನೂ ಅನ್ನ ಹಾಕುವುದಿಲ್ಲ. ತೆಲುಗು ನನಗೇನು ಬರದ ಭಾಷೆಯಲ್ಲ. ಆದರೂ ಅರ್ಥವಾಗದವಳಂತೆ ಹೊರಗೆ ನೋಡುತ್ತ ಕೂತೆ.

ಆಮೇಲೆ ಶುರುವಾಯಿತು ನೋಡಿ ನನ್ನ ಉರಿ. ಅವಳ ಸ್ಕೂಟಿಯನ್ನು ಗಂಡ ಕೊಡಿಸಿದ್ದು ಎಂದುಕೊಂಡಿದ್ದೆ. ಅವಳ ನಾರಾಯಣಪೇಟೆ ರೇಷ್ಮೆ ಸೀರೆ ಊರಿನ ಮಗ್ಗದ್ದು, ಅಗ್ಗಕ್ಕೆ ಸಿಕ್ಕಿರಬೇಕು ಎಂದುಕೊಂಡಿದ್ದೆ. ಈಗ ಎಲ್ಲಕ್ಕೂ ಲೆಕ್ಕ ಸಿಕ್ಕಿತು. ಉಟ್ಕೂರಿಗೆ ಹೋದರೆ ಹೆಂಗಸರು ನನಗಿಂತ ಮೊದಲು ಅವಳನ್ನು ಮಾತಾಡಿಸುತ್ತಾರೆ ಎಂಬುದೂ ಆಗಲೇ ಕಣ್ಣಿಗೆ ಬಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಎಂದಿನಂತೆ ತನ್ನ ಡಬ್ಬಿಯ ಪಲ್ಯದಲ್ಲಿ ಅರ್ಧ ನನಗೆ ಬಡಿಸುತ್ತಿದ್ದಳು. ನನಗೆ ಬರಬೇಕಿದ್ದ ಪಗಾರದ ಪಲ್ಯ ಇದು ಎಂದುಕೊಂಡು ಇನ್ನೊಂದು ಸಲ ಹಾಕಿಸಿಕೊಳ್ಳುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತಾರೆ. ನಾನು ಶಾಸ್ತ್ರ ಹೇಳಿದ್ದಷ್ಟೇ. ಬದನೆಕಾಯಿ ತಿಂದವಳು ಅವಳು.

ಕೊನೆಗೆ ಗದ್ವಾಲಕ್ಕೆ ಹೋಗಿ ಕೇಳಿಯೇ ಬಿಡುವುದೆಂದು ನಿಶ್ಚಯಿಸಿದೆ. ನನ್ನೊಬ್ಬಳನ್ನೇ ಬಿಟ್ಟರೆ ನಾನು ನಾಚಿಕೊಂಡು ವಾಪಸು ಬಂದೇನೆಂದು ಅವಳೂ ಹೊರಟಳು. ಕಂಡಕ್ಟರ್ ಇಬ್ಬರಿಗೂ ಹೆಂಗಸರ ಪುಕ್ಕಟೆ ಟಿಕೆಟ್ ಹರಿದುಕೊಟ್ಟ. ಬಸ್ಸಿನಲ್ಲಾದರೂ ನಾವು ಸಮ ಎಂದುಕೊಂಡೆ.

"ಖುಷಿ ಗಿಷಿ ಅಂದೀ ನೋಡು ಮತ್ತ!" ದಾರಿಯುದ್ದಕ್ಕೂ ಪಾಠ ಹೇಳಿದಳು. "ನನ್ನಷ್ಟು ಬೇಕಂತ ಸೀದಾ ಕೇಳು."

ಅವಳನ್ನು ಹೊರಗಿನ ಬೆಂಚಿನ ಮೇಲೆ ಬಿಟ್ಟು ನಾನು ಒಳಗೆ ಹೋದೆ. ಸರ್ ಚಹಾ ತರಿಸಿದರು. ನಾನು ಬಂದ ಕಾರಣ ಹೇಳಿದ ಕೂಡಲೇ ನಕ್ಕರು.

"ದುಡ್ಡಿಗೆ ದುಡಿಯೋರು ಬ್ಯಾರೆ, ನಿಮ್ಮಂಥೋರು ಬ್ಯಾರೆ. ನೀವು ನಮ್ಮ ಸಂಸ್ಥೆಯ ಆಸ್ತಿ ರೀ."

ಇಂಥ ಮಾತಿನಿಂದಲೇ ನಾನು ವರ್ಷಾನುಗಟ್ಟಲೆ ಹೊಟ್ಟೆ ತುಂಬಿಸಿಕೊಂಡು ಮನೆಗೆ ಹೋಗಿದ್ದೇನೆ. ಅವತ್ತೂ ಕರಗಿದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅವಳು ನೆನಪಾದಳು. ನನ್ನಷ್ಟು ಕೇಳು ಅಂತಾಳಲ್ಲ, ಅವಳ ಅಳತೆಯ ಕುಪ್ಪಸ ನಾನೇಕೆ ತೊಡಬೇಕು ಎನ್ನಿಸಿತು. ಬಾಯಿಂದ ಅವಳಿಗಿಂತ ದೊಡ್ಡ ಮೊತ್ತವೇ ಹೊರಬಿತ್ತು.

ಸರ್ ಒಂದು ಗಳಿಗೆ ಪೆನ್ನು ತಿರುಗಿಸಿದರು. "ಆಗಲಿ ರೀ. ಮುಂದಿನ ತಿಂಗಳಿಂದ."

ಕೊತ್ತಂಬರಿ ಕಟ್ಟಿಗಾದರೂ ಚೌಕಾಶಿ ಇರುತ್ತದೆ. ನನಗೆ ತಡೆಯಲಾಗಲಿಲ್ಲ. "ಮತ್ತ ಇಷ್ಟು ವರ್ಷ ಯಾಕ ಕೊಡಲಿಲ್ರೀ ಸರ್?"

"ನೀವು ಕೇಳೇ ಇಲ್ಲಲ್ರೀ," ಎಂದರು ಅವರು. ಅವರ ಮುಖದಲ್ಲಿ ಆಶ್ಚರ್ಯ ಬಿಟ್ಟರೆ ಬೇರೇನೂ ಇರಲಿಲ್ಲ.

ಹೊರಗೆ ಬಂದ ತಕ್ಷಣ ಅವಳು ಎದ್ದು ಬಂದು ನನ್ನ ಎರಡೂ ಕೈ ಹಿಡಿದಳು. "ಏನಾತಕ್ಕ? ನನ್ನಷ್ಟು ಕೊಟ್ರಾ?"

ನಾನು ಮೊತ್ತ ಹೇಳಿದೆ.

"ಹೌದಾ? ಛಲೋ ಆತು ಬಿಡು," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮುಖ ಇಷ್ಟೇ ಇಷ್ಟು ಸಣ್ಣದಾಯಿತು. ದೇವರಾಣೆ ಹೇಳುತ್ತೇನೆ, ಪಗಾರ ಏರಿದ್ದಕ್ಕಿಂತ ಆ ಮುಖ ನೋಡಿ ನನಗೆ ಹೆಚ್ಚು ಸಂತೋಷವಾಯಿತು.

ಬಸ್ಸು ಧರೂರು ದಾಟಿ ಕಾಲುವೆಯ ಭತ್ತದ ಗದ್ದೆಗಳ ನಡುವೆ ಹೋಗುತ್ತಿತ್ತು. ಅವಳು ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಅವಳ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ಬೆಳೆ ಚೆನ್ನಾಗಿದೆ, ನೀರು ಬಿಟ್ಟಿದ್ದಾರೆ ಎಂದು ನಾನೇ ಏನೇನೋ ಮಾತಾಡಿದೆ. ಅಣೆಕಟ್ಟು ಬರುವ ಹೊತ್ತಿಗೆ ಅವಳು ನನ್ನ ಕಡೆ ತಿರುಗಿದಳು.

"ನಾಳೆ ನಾನೂ ಹೋಗಿ ಕೇಳ್ತೀನಕ್ಕ. ಇಬ್ಬರದೂ ಒಂದೇ ಕೆಲಸ ಅಲ್ಲೇನು? ನಿನ್ನಷ್ಟು ನನಗೂ ಕೊಡ್ಲಿ."

"ಕೇಳವ್ವ, ಕೇಳಿದ್ರ ಕೊಟ್ಟೇ ಕೊಡ್ತಾರ," ಎಂದು ಬೆನ್ನು ಸವರಿ ಧೈರ್ಯ ಹೇಳಿದೆ. ಅವರು ಕೊಡದೆ ಹೋದರೆ ಐದು ಕಾಯಿ ಒಡೆಸುತ್ತೇನೆಂದು ಮನಸ್ಸಿನಲ್ಲೇ ನಮ್ಮೂರ ಹನುಮಪ್ಪನಿಗೆ ಹರಕೆ ಹೊತ್ತೆ.