ಹೊರಹಾಕುವ ಕಾಗದ ಒಯ್ಯುವ ಆರ್ಲಿಸ್

ಬೆಳಗಿನ ಐದೂಮುಕ್ಕಾಲು. ಆರ್ಲಿಸ್ ವೈಟ್‌ಕ್ಲೌಡ್ ಮಗಳ ಮನೆಯ ಮುಂದೆ ಕಾರು ನಿಲ್ಲಿಸಿದ್ದಾರೆ, ಇಳಿಯುತ್ತಿಲ್ಲ. ಮಡಿಲಲ್ಲಿ ಬುಡಕಟ್ಟು ನ್ಯಾಯಾಲಯದ ಲಕೋಟೆ ಇದೆ. ಇದೇ ಬೀದಿಯನ್ನು ಆಗಲೇ ಎರಡು ಸುತ್ತು ಹಾಕಿದ್ದಾಯಿತು. ಇವತ್ತು ಜೊತೆಗೆ ಬಂದು ಪಕ್ಕದಲ್ಲಿ ಕೂತಿರುವ ನನಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವಾಗ ಅರ್ಧ ನನ್ನ ಪ್ಯಾಂಟಿನ ಮೇಲೆ ಚೆಲ್ಲುತ್ತದೆ.

"ಒಂದ್ನಿಮಿಷ ಇರಪ್ಪ. ಅವನಿನ್ನೂ ಎದ್ದಿರಲ್ಲ," ಅನ್ನುತ್ತಾರೆ. ಅಡುಗೆಮನೆಯ ದೀಪ ಉರಿಯುತ್ತಿರುವುದು ನಮ್ಮಿಬ್ಬರಿಗೂ ಕಾಣುತ್ತಿದೆ.

ಅಮೆರಿಕದ ಉತ್ತರ ಮಿನೆಸೋಟದಲ್ಲಿ ಓಜಿಬ್ವೆ ಮೂಲನಿವಾಸಿಗಳ ಈ ಮೀಸಲು ನೆಲದಲ್ಲಿ ಹೊರಗಿನವರು ಯಾರು ಇರಬಹುದು, ಯಾರು ಜಾಗ ಖಾಲಿ ಮಾಡಬೇಕು ಎಂದು ಹೇಳುವ ಹಕ್ಕು ಬುಡಕಟ್ಟಿನದು. ಸದಸ್ಯರ ಪಟ್ಟಿಯಲ್ಲಿ ಇಲ್ಲದವರು ಎರಡು ಎಚ್ಚರಿಕೆಯ ಮೇಲೂ ತಪ್ಪು ಮಾಡಿದರೆ ನ್ಯಾಯಾಲಯ ಹೊರಹಾಕುವ ಆದೇಶ ಬರೆಯುತ್ತದೆ. ಪತ್ರಿಕೆಯಲ್ಲಿ ನ್ಯಾಯಾಧೀಶರ ಹೆಸರು ಬರುತ್ತದೆ. ಕಾಗದವನ್ನು ಬಾಗಿಲಿಗೆ ಒಯ್ದು ಬೈಗುಳ ತಿಂದು ಬರುವ, ಅರವತ್ತೊಂದು ವರ್ಷದ ಈ ಹೆಂಗಸಿನ ಹೆಸರು ಎಲ್ಲೂ ಬರುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಇಂಥ ನಲವತ್ತೇಳು ಕಾಗದ ಕೊಟ್ಟಿದ್ದಾರೆ. ಮೂರು ಸಲ ನಾಯಿ ಕಚ್ಚಿದೆ. ಇಲ್ಲಿಯ ಹೆಣ್ಣನ್ನು ಮದುವೆಯಾಗಿ ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇರುವ ನಾನೂ ಹೊರಗಿನವನೇ. ಅವರ ಕಾರು ನಮ್ಮ ಬೀದಿಗೆ ತಿರುಗಿದರೆ ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುತ್ತದೆ.

ಕಾಗದ ಕೈಗೆ ತುರುಕಿ ಬಂದರೆ ಸಾಲದು, ಪೂರ್ತಿ ಓದಿ ಹೇಳಬೇಕು. ನಡುವೆ ನಿಂತರೆ ಮತ್ತೆ ಮೊದಲಿಂದ. ಆಮೇಲೆ ಹೊರಡುವವರ ಕೈಗೆ, ಇಲ್ಲಿಯ ಕೆರೆಗಳಲ್ಲಿ ತಾನಾಗೇ ಬೆಳೆಯುವ ಕಾಡಕ್ಕಿ ಒಂದು ಚೀಲ ಕೊಟ್ಟು, ಗಡಿಯ ಫಲಕದವರೆಗೂ ಹಿಂದೆ ಹೋಗಬೇಕು. ಓದುವುದು ನ್ಯಾಯಾಲಯದ ನಿಯಮ; ಅಕ್ಕಿ ಹಿರಿಯರು ಹಾಕಿಕೊಟ್ಟ ಪದ್ಧತಿ. "ಆಚೆ ಕಳಿಸೋದೇನೋ ಸರಿ. ಹಸ್ಕೊಂಡು ಹೋಗು ಅನ್ನಕ್ಕಾಗತ್ತಾ?" ಎಂದು ಆರ್ಲಿಸ್ ಕೇಳುತ್ತಾರೆ.

ಇವತ್ತಿನ ಲಕೋಟೆಯ ಮೇಲಿರುವ ಹೆಸರು ಕರ್ಟ್ ಹಾಲ್ವರ್‌ಸನ್, ಅವರ ಸ್ವಂತ ಅಳಿಯ, ಪಕ್ಕದ ಜಿಲ್ಲೆಯವನು. ಕಾಡಕ್ಕಿ ಬೆಳೆಯುವ ಕೆರೆಗೆ ಹಿರಿಯರು ತೆನೆ ಮುಟ್ಟಿ ನೋಡಿ ಒಪ್ಪುವವರೆಗೆ ಯಾರೂ ದೋಣಿ ಇಳಿಸುವಂತಿಲ್ಲ. ಮೋಟಾರಂತೂ ಯಾವತ್ತೂ ಕೂಡದು. ಕರ್ಟ್ ಈ ಸಲ, ಮೂರನೇ ವರ್ಷವೂ, ಮೋಟಾರು ದೋಣಿ ನುಗ್ಗಿಸಿ ಹಸಿ ತೆನೆ ಬಡಿದುಕೊಂಡು ಹೋದ. ಬುಡಸಮೇತ ಕಿತ್ತು ತೇಲುತ್ತಿದ್ದ ಪೈರನ್ನು ನಾನೇ ಕಂಡಿದ್ದೇನೆ. ಅವನು ಎರಡು ವರ್ಷ ಇಲ್ಲಿ ಕಾಲಿಡುವಂತಿಲ್ಲ.

"ಪೊಲೀಸರ ಕೈಲಿ ಕಳಿಸೋಣ ಬಿಡಿ ಅತ್ತೆ," ಅಂದಿದ್ದಳಂತೆ ನ್ಯಾಯಾಲಯದ ಗುಮಾಸ್ತೆ; ನನಗೂ ಸೇರಿ ಊರಿನ ಕಿರಿಯರಿಗೆಲ್ಲ ಇವರು ಅತ್ತೆ. ಇವರು ಒಪ್ಪಲಿಲ್ಲ. "ಊರೋರ ಅಳಿಯಂದಿರಿಗೆಲ್ಲ ನಾನೇ ಓದಿದೀನಿ. ನಮ್ಮನೇದು ಬಂದಾಗ ರಜೆ ಹಾಕ್ಲಾ?" ಈಗ ಕಾರಿನಲ್ಲಿ ಲಕೋಟೆಯ ಅಂಚು ಸವರುತ್ತ ನನ್ನತ್ತ ತಿರುಗುತ್ತಾರೆ. "ಅವನು ಹೋದ್ರೆ ಹೋಗ್ಲಿ. ರೋಚೆಲ್ ಮಗೂನ ಎತ್ಕೊಂಡು ಅವನ ಹಿಂದೇನೇ ಹೊರಟ್ರೆ ಏನ್ಮಾಡ್ಲಿ? ಎರಡು ವರ್ಷಕ್ಕೆ ಕೂಸು ನನ್ನ ಮುಖಾನೇ ಮರೀತದೆ."

ಇಳಿದು ಬಾಗಿಲು ತಟ್ಟಿದಾಗ ತೆಗೆಯುವವಳು ಮಗಳು ರೋಚೆಲ್. ಸೊಂಟದ ಮೇಲೆ ಹನ್ನೊಂದು ತಿಂಗಳ ಹೆಣ್ಣುಮಗು. ಲಕೋಟೆ ನೋಡುತ್ತಾಳೆ. "ನೀನೇ ಬಂದ್ಯಾ ಅಮ್ಮ?"

"ನಾನೇ ಬಂದೆ."

ಹಿಂದಿನಿಂದ ಕರ್ಟ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬರುತ್ತಾನೆ. "ಅಳಿಯಂಗೆ ಇದೇನಾ ಅತ್ತೆ ಉಡುಗೊರೆ?" ಆರ್ಲಿಸ್ ಕನ್ನಡಕ ಏರಿಸಿ ಓದತೊಡಗುತ್ತಾರೆ. ಎರಡನೇ ಹಾಳೆಯಲ್ಲಿ ಮಗು ಅವರತ್ತ ಕೈ ಚಾಚುತ್ತದೆ, ಓದು ನಡುವೆ ನಿಲ್ಲುತ್ತದೆ. ಮೊದಲ ಹಾಳೆಗೆ ಮರಳುತ್ತಾರೆ.

"ಗೊತ್ತಾಯ್ತು, ಸಾಕು ಬಿಡಿ," ಅನ್ನುತ್ತಾನೆ ಕರ್ಟ್.

"ಸಾಕಾಗಲ್ಲ. ನಿಂತು ಕೇಳು."

ಓದಿ ಮುಗಿದ ಮೇಲೆ ಅಕ್ಕಿಯ ಚೀಲ ಚಾಚುತ್ತಾರೆ. ಕರ್ಟ್ ಮುಟ್ಟುವುದಿಲ್ಲ. ರೋಚೆಲ್ ಇಸಿದುಕೊಂಡು ಕೈಯಲ್ಲೇ ತೂಗಿ ನೋಡುತ್ತಾಳೆ. "ಇದು ಒಬ್ಬನಿಗೆ ಅಳೆದಿದ್ದು. ಮೂರು ಜನಕ್ಕೆ ಸಾಲಲ್ಲಮ್ಮ."

ಆರ್ಲಿಸ್ ಮೆಟ್ಟಿಲಿಳಿಯುತ್ತಾರೆ. ಕಾರಿನ ಡಿಕ್ಕಿ ತೆಗೆದು ಮನೆಗೆಂದು ಇಟ್ಟುಕೊಂಡಿದ್ದ ದೊಡ್ಡ ಚೀಲವನ್ನು ಹೊತ್ತು ತಂದು ಅವರ ಪಿಕಪ್ಪಿನಲ್ಲಿ ಇಡುತ್ತಾರೆ.

ಒಂಬತ್ತರ ಹೊತ್ತಿಗೆ ಪಿಕಪ್ ಗಡಿಯ ಫಲಕ ದಾಟುತ್ತದೆ. ನಾವು ಈಚೆ ನಿಲ್ಲುತ್ತೇವೆ. ರೋಚೆಲ್ ತಿರುಗಿ ನೋಡುವುದಿಲ್ಲ. ಅದು ಕಣ್ಮರೆಯಾದ ಮೇಲೂ ಆರ್ಲಿಸ್ ಬಹಳ ಹೊತ್ತು ರಸ್ತೆಯನ್ನೇ ನೋಡುತ್ತಾರೆ.

ಕೊನೆಗೆ ನ್ಯಾಯಾಲಯಕ್ಕೆ ಒಪ್ಪಿಸುವ ನಮೂನೆಯನ್ನು ಸ್ಟೀರಿಂಗಿನ ಮೇಲೆ ಹರಡಿ ತುಂಬತೊಡಗುತ್ತಾರೆ. ನೆಲ ಬಿಟ್ಟುಹೋದವರು ಎಷ್ಟು ಜನ ಎಂಬಲ್ಲಿ 'ಒಬ್ಬ' ಎಂದು ಬರೆಯುತ್ತಾರೆ.

"ಮೂರು ಜನ ಹೋದ್ರಲ್ಲ ಅತ್ತೆ?" ಅನ್ನುತ್ತೇನೆ.

"ಬಿಟ್ಟುಹೋಗಿದ್ದು ಅವನೊಬ್ಬ," ಅನ್ನುತ್ತಾರೆ ಆರ್ಲಿಸ್, ಪೆನ್ನಿಗೆ ಮುಚ್ಚಳ ಹಾಕುತ್ತ. "ಅವರಿಬ್ಬರು ಹೋಗಿ ಬರ್ತಾರೆ."